ಚಾರ್ಜ್ ಇರಲಿಲ್ರಿ ಸರ

ಲೆಕ್ಕ ಇಡುವ ಚಟ ಇರುವವನು ಮಾಸ್ತರನಾಗಬಾರದು. ಪಾಠ ಎಷ್ಟು ಮುಂದೆ ಹೋಯಿತು ಎಂಬುದಕ್ಕಿಂತ ನೆಪಗಳು ಎಷ್ಟು ಬಂದವು ಎಂಬುದೇ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಡೈರಿಗೆ ಈಗ ಆ ಗತಿ ಬಂದಿದೆ.

ಬೆಳ್ಳಟ್ಟಿ ಕಡೆಯ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಜೂನ್‌ನಲ್ಲಿ ಗದಗಿನ ತರಬೇತಿಗೆ ಹೋಗಿ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂಬುದನ್ನು ತಲೆಗೆ ಹಚ್ಚಿಕೊಂಡು ಬಂದೆ. ಪಾಠದ ವಿಡಿಯೋವನ್ನು ಮಕ್ಕಳು ಮನೆಯಲ್ಲೇ ನೋಡಬೇಕು, ತರಗತಿಯ ಹೊತ್ತೆಲ್ಲ ಓದುವುದಕ್ಕೆ ಮೀಸಲು. ನನಗಿದ್ದ ಆಸೆ ಒಂದೇ: ಎಂಟನೆಯ ತರಗತಿಯ ಶಬಾನಾಳ ದನಿ ಕೇಳಬೇಕು. ಓದು ಎಂದರೆ ಎದ್ದು ನಿಲ್ಲುತ್ತಾಳೆ, ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಾಳೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಮೊದಲ ವಾರ ಮೂವತ್ತು ಮಕ್ಕಳಲ್ಲಿ ವಿಡಿಯೋ ನೋಡಿದವರು ನಾಲ್ವರು. ಆ ನಾಲ್ವರೂ ನನ್ನ ಪಾಠ ಬಿಟ್ಟು, ಅದರ ಹಿಂದೆ ಕೇಳಿಸುತ್ತಿದ್ದ ಬದನೆಕಾಯಿ ಮಾರುವವನ ಕೂಗನ್ನು ತಪ್ಪಿಲ್ಲದೆ ಒಪ್ಪಿಸಿದರು. ಉಳಿದವರ ನೆಪಗಳನ್ನು ಡೈರಿಯಲ್ಲಿ ಬರೆದುಕೊಂಡೆ. ‘ಅಪ್ಪ ಮೊಬೈಲ್ ಹೊಲಕ್ಕ ಒಯ್ದಾನ್ರಿ’ ಹನ್ನೊಂದು, ‘ಚಾರ್ಜ್ ಇರಲಿಲ್ರಿ’ ಒಂಬತ್ತು, ‘ನೆಟ್ ಖಾಲಿ ಆತ್ರಿ’ ಆರು. ‘ನೆಪ ಹೇಳಬ್ಯಾಡ್ರಿ’ ಎಂದು ಎಲ್ಲರಿಗೂ ಬೈದೆ.

ಎರಡನೆಯ ವಾರ ತರಗತಿಗೆ ಬಂದವರು ಹನ್ನೆರಡೇ ಜನ. ಉಳಿದ ಹದಿನೆಂಟು ಮಕ್ಕಳ ಬದಲು ನನ್ನ ಫೋನಿಗೆ ಹದಿನೆಂಟು ವಿಡಿಯೋ ಬಂದು ಕುಳಿತಿದ್ದವು. ಚಾರ್ಜೇ ಇಲ್ಲದ ಊರಿನಿಂದ! ಸಿಟ್ಟಿನಿಂದ ಶಬಾನಾಳ ತಾಯಿಗೆ ಫೋನ್ ಮಾಡಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸದೆಯೇ ಮಾತಾಡಿದರು.

‘ನೀವು ಪಾಠ ವಿಡಿಯೋದಾಗ ಕಳಸಿದ್ರಿ, ನಾವು ಓದಿದ್ದು ವಿಡಿಯೋದಾಗ ಕಳಸೇವ್ರಿ. ಮತ್ತ ಶಾಲಿಗೆ ಯಾಕ ಬರಬೇಕ್ರಿ?’

‘ಹಂಗಲ್ರೀ ಅಕ್ಕಾರ...’

‘ಹೆಂಗರ ಇರಲಿ ತಗೋರಿ. ನಮ್ಮ ಹುಡುಗಿ ಬಾಯಿ ಬಿಟ್ಟು ಓದ್ಯಾಳ್ರಿ, ಖರೇನ ಓದ್ಯಾಳ. ಜಲ್ದಿ ನೋಡಿ ಹೇಳ್ರಿ, ದಾರಿ ಕಾಯಾಕ ಹತ್ತ್ಯಾಳ.’

ಸಂಜೆ ಮನೆಯಲ್ಲಿ ಸಾಲಾಗಿ ನೋಡುತ್ತ ಕುಳಿತೆ. ನಾಲ್ಕನೆಯದಕ್ಕೆ ಮೊಬೈಲ್ ಆರಿತು, ಕರೆಂಟೂ ಇರಲಿಲ್ಲ. ಶಬಾನಾಳದು ಹದಿನೇಳನೆಯದು.

ಮರುದಿನ ಅವಳು ಗೇಟಿನಲ್ಲೇ ನಿಂತಿದ್ದಳು.

‘ಸರ, ನಂದು ನೋಡಿದ್ರೇನ್ರಿ?’

ಅವಳು ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು. ಉತ್ತರ ನನ್ನ ಬಾಯಿಗೆ ತಾನೇ ಬಂತು: ‘ಚಾರ್ಜ್ ಇರಲಿಲ್ಲವ್ವಾ.’

ನಾನು ಮಕ್ಕಳನ್ನು ನೋಡುವ ಹಾಗೆಯೇ ಅವಳು ನನ್ನನ್ನು ನೋಡಿದಳು. ‘ನೆಪ ಹೇಳಬ್ಯಾಡ್ರಿ ಸರ’ ಎಂದವಳೇ ಪುಸ್ತಕ ತೆಗೆದು, ಗೇಟಿನಲ್ಲೇ, ಸೈಕಲ್ಲುಗಳ ನಡುವೆ ನಿಂತು ಗಟ್ಟಿಯಾಗಿ ಒಂದು ಪುಟ ಓದಿದಳು. ಮೂರು ಕಡೆ ತಪ್ಪಿದಳು. ತಿದ್ದುವ ಮುಖ ನನಗಿರಲಿಲ್ಲ.

ಡೈರಿಯಲ್ಲಿ ‘ಚಾರ್ಜ್ ಇರಲಿಲ್ರಿ’ ಎಂಬುದರ ಮುಂದಿದ್ದ ಒಂಬತ್ತನ್ನು ಹೊಡೆದುಹಾಕಿ ಹತ್ತು ಎಂದು ಬರೆದೆ.