ತೆರಿಗೆ ಉಳಿಸಲು ಹೋಗಿ ಅವಿವಾಹಿತನಾದೆ

"ಈ ವರ್ಷ ನನ್ನ ತೆರಿಗೆ ಲೆಕ್ಕ ನಾನೇ ಮಾಡ್ತೀನಿ" ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಗಂಭೀರವಾದ ಮೌನ ಆವರಿಸಿತು. ಅದು ಗೌರವದ ಮೌನ ಎಂದು ತಿಳಿದು ಎದೆಯುಬ್ಬಿಸಿದೆ. ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಳು ಎಂಬುದನ್ನು ಆಮೇಲೆ ಗಮನಿಸಿದೆ. ಅದೂ ಬಲಗಡೆ ಕಚ್ಚಿಕೊಂಡಿದ್ದಳು. ಎಡಗಡೆಯ ದವಡೆ ಹಲ್ಲು ಮೂರು ತಿಂಗಳಿಂದ ನೋಯುತ್ತಿತ್ತು.

ಅವಳು ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ನಾನು ತೂಕದ ಯಂತ್ರ ತಯಾರಿಸುವ ಕಂಪನಿಯಲ್ಲಿ ಪರೀಕ್ಷಕ. ಯಂತ್ರ ಹೊರಗೆ ಹೋಗುವ ಮುಂಚೆ ಅದರ ಮೇಲೆ ತೂಕದ ಬಟ್ಟುಗಳನ್ನಿಟ್ಟು, ಮುಳ್ಳು ಸುಳ್ಳು ಹೇಳುತ್ತಿಲ್ಲವೆಂದು ಪ್ರಮಾಣಪತ್ರ ಕೊಡುವವನು. ಅಳೆಯುವುದು ಅವಳು, ತೂಗುವುದು ನಾನು. ಹೀಗೆ ಅಳೆದು ತೂಗಿ ನಡೆಯುವ ಸಂಸಾರ ನಮ್ಮದು.

ಇಷ್ಟು ವರ್ಷ ನನ್ನ ತೆರಿಗೆ ನೋಡಿಕೊಳ್ಳುತ್ತಿದ್ದವರು ಭಾವ, ಅಂದರೆ ಹೆಂಡತಿಯ ಅಣ್ಣ. ವೃತ್ತಿಯಿಂದ ತೆರಿಗೆ ಸಲಹೆಗಾರರು. ನನ್ನಿಂದ ಬಿಡಿಗಾಸು ತೆಗೆದುಕೊಂಡವರಲ್ಲ. ಇಪ್ಪತ್ತು ನಿಮಿಷ ಲೆಕ್ಕ ಮಾಡಿ, ಎರಡು ಗಂಟೆ ಉಪದೇಶ ಮಾಡಿ ಹೋಗುತ್ತಿದ್ದರು, ಅಷ್ಟೆ. ಹೋದ ವರ್ಷ ನನ್ನ ರಸೀದಿಗಳ ಚೀಲವನ್ನು ಮೇಜಿನ ಮೇಲೆ ಸುರಿದಾಗ ಅದರೊಳಗಿಂದ ನನ್ನ ಬಾಚಣಿಗೆಯೂ ಬಿತ್ತು. ಭಾವ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಯಾವ ಕಲಮಿನಲ್ಲಿ ತೋರಿಸೋಣ?" ಎಂದು ಕೇಳಿದರು. ಮಗಳು ಬಿದ್ದು ಬಿದ್ದು ನಕ್ಕಳು. ಹೆಂಡತಿ ನಗಲಿಲ್ಲ. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಆಮೇಲೆ ನಕ್ಕಳು. ಆ ಕ್ಷಣವೇ ನಾನು ಸ್ವತಂತ್ರನಾಗುವ ಪಣ ತೊಟ್ಟೆ.

ಹಣಕಾಸು ವರ್ಷ ಮುಗಿಯಲು ಹನ್ನೆರಡು ದಿನ ಉಳಿದಿರುವಾಗ ತೆರಿಗೆ ಯೋಜನೆಯ ಸಾಫ್ಟ್‌ವೇರ್ ಒಂದನ್ನು ಕೊಂಡುಕೊಂಡೆ. "ಹತ್ತೇ ನಿಮಿಷದಲ್ಲಿ ನಿಮ್ಮ ತೆರಿಗೆ ನಿಮ್ಮ ಅಂಗೈಯಲ್ಲಿ" ಎಂದು ಜಾಹೀರಾತಿನಲ್ಲಿತ್ತು. ಅದರ ಕೆಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ "ಮುಂಗಡ ಆವೃತ್ತಿ" ಎಂದೂ ಇತ್ತು. ಮುಂದುವರಿದ ಆವೃತ್ತಿ ಇರಬೇಕೆಂದು ನಾನು ಅರ್ಥ ಮಾಡಿಕೊಂಡೆ. ಹಣ ಮುಂಗಡ, ಕೆಲಸ ಹಿಂಗಡ ಎಂಬುದು ಅದರ ಸರಿಯಾದ ಅರ್ಥ!

ಮೊದಲ ಪುಟದಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ವಿವಾಹಿತನೋ ಅವಿವಾಹಿತನೋ ಎಂಬುದು. ಸರಾಗವಾಗಿ ಮುಗಿಯಿತು. ಎರಡನೆಯ ಪುಟದಲ್ಲಿ ಸಂಬಳ. ಅದು ಸಂಬಳಕ್ಕಿಂತಲೂ ಬೇಗ ಮುಗಿಯಿತು. ಹೆಂಡತಿ ಕೇಳದಿದ್ದರೂ "ನೋಡಿದೆಯಾ, ಇಷ್ಟೇ ವಿಷಯ" ಎಂದೆ. ಮೂರನೆಯ ಪುಟದ ಹೆಸರು "ಸಂಗಾತಿ". ಒತ್ತಿದೆ. ತೆರೆಯ ನಡುವೆ ಒಂದು ಹಸಿರು ಚೌಕ ಮೂಡಿತು. ಅದರೊಳಗೆ ಹೀಗಿತ್ತು: "ಈ ಪುಟ ಇನ್ನೂ ಸಿದ್ಧವಾಗುತ್ತಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಸ್ವಲ್ಪ ಸಮಯ ಎಂದರೆ ಒಂದು ಲೋಟ ಚಹಾ ಕುಡಿಯುವಷ್ಟು ಇರಬಹುದೆಂದು ಚಹಾ ಕುಡಿದೆ. ಮತ್ತೆ ಒತ್ತಿದೆ. ಸಿದ್ಧವಾಗುತ್ತಿತ್ತು. ಸ್ನಾನ ಮಾಡಿ ಬಂದು ಒತ್ತಿದೆ. ಆಗಲೂ ಸಿದ್ಧವಾಗುತ್ತಿತ್ತು. ಮದುವೆಯ ದಿನ ಹೆಣ್ಣಿನ ಕಡೆಯವರು ಕೂಡ ನನ್ನನ್ನು ಇಷ್ಟು ಹೊತ್ತು ಕಾಯಿಸಿರಲಿಲ್ಲ. ಹೀಗೆ ನಾಲ್ಕು ದಿನ ಕಳೆದವು. ಸಂಗಾತಿಯ ಪುಟ ದಾಟದೆ ಮುಂದಿನ ಪುಟ ಬಾರದು. ಮುಂದಿನ ಪುಟಗಳು ಬಾರದೆ ತೆರಿಗೆಯ ಸಾರಾಂಶ ಬಾರದು. ಆ ಸಾರಾಂಶವನ್ನು ಶುಕ್ರವಾರದೊಳಗೆ ಕಂಪನಿಗೆ ಕೊಡದಿದ್ದರೆ ಸಂಬಳಕ್ಕೆ ಕತ್ತರಿ. ತೆರೆ ತೆರೆದಿತ್ತು, ತೆರಿಗೆ ತೆರೆಯಲಿಲ್ಲ.

ಗುರುವಾರ ಸಹಾಯವಾಣಿಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹುಡುಗಿಯೊಬ್ಬಳು ಸಿಕ್ಕಳು. ಸಂಗಾತಿಯ ಪುಟ ಯಾವಾಗ ಸಿದ್ಧವಾಗುತ್ತದೆ ಎಂದು ಕೇಳಿದೆ.

"ವರ್ಷ ಮುಗಿದ ಮೇಲೆ ಬರುತ್ತೆ ಸರ್."

"ವರ್ಷಾಂತ್ಯದ ಯೋಜನೆ ವರ್ಷ ಮುಗಿದ ಮೇಲೆ ಮಾಡೋದಾ?"

"ಆಗ ಅಂಕಿಅಂಶ ಕರೆಕ್ಟಾಗಿರುತ್ತೆ ಸರ್" ಎಂದಳು ಪುಣ್ಯಾತ್ಗಿತ್ತಿ. ನನ್ನ ಉಸಿರಿನ ಸದ್ದು ಕೇಳಿ ಕನಿಕರ ಹುಟ್ಟಿರಬೇಕು. ದನಿ ತಗ್ಗಿಸಿ ಒಂದು ಉಪಾಯವನ್ನೂ ಹೇಳಿಕೊಟ್ಟಳು: "ಮೊದಲನೇ ಪುಟಕ್ಕೆ ಹೋಗಿ, ಸದ್ಯಕ್ಕೆ ಅವಿವಾಹಿತ ಅಂತ ಹಾಕಿ ಸರ್. ಆಗ ಆ ಪುಟ ಕೇಳೋದೇ ಇಲ್ಲ. ಆಮೇಲೆ ಬದಲಾಯಿಸ್ಕೊಳ್ಳಿ."

ಸದ್ಯಕ್ಕೆ! ಎಂಥ ಸುಖವಾದ ಪದ. ಅಕ್ಕಪಕ್ಕ ನೋಡಿದೆ. ಹೆಂಡತಿಯ ಹೊಲಿಗೆ ಯಂತ್ರ ಆಚೆ ಕೋಣೆಯಲ್ಲಿ ಕಟಕಟ ಎನ್ನುತ್ತಿತ್ತು. ಹದಿನೆಂಟು ವರ್ಷದ ದಾಂಪತ್ಯವನ್ನು ಒಂದೇ ಒತ್ತಿಗೆ ರದ್ದು ಮಾಡಿದೆ. ಸಂಗಾತಿಯ ಪುಟ ಮಾಯವಾಯಿತು. ಅದರ ಬೆನ್ನಿಗೇ "ಮಕ್ಕಳು" ಎಂಬ ಪುಟವೂ ಮಾಯವಾಯಿತು. ಸಾಫ್ಟ್‌ವೇರ್ ಸಂಪ್ರದಾಯಸ್ಥ ಮನೆತನದ್ದಿರಬೇಕು. ಹಿಂದೆ ನಿಂತು ನೋಡುತ್ತಿದ್ದ ಮಗಳು, "ಅಪ್ಪಾ, ನಾನೆಲ್ಲಿ ಹೋದೆ?" ಎಂದಳು. ಸದ್ಯಕ್ಕೆ ಹುಟ್ಟಿಲ್ಲ, ಹೋಗಿ ಓದಿಕೋ ಎಂದು ಕಳಿಸಿದೆ.

ಕೊನೆಗೆ "ಉಳಿಸು" ಎಂಬ ಗುಂಡಿ ಬಂತು. ತೆರಿಗೆ ಉಳಿಸಲು ತಾನೇ ಇಷ್ಟೆಲ್ಲ ಪಾಡು? ಸಂಭ್ರಮದಿಂದ ಒತ್ತಿದೆ. ಉಳಿಸಿತು. ಏನನ್ನು? ನಾನು ಅವಿವಾಹಿತ ಎಂಬುದನ್ನು! ತೆರಿಗೆ ಎಷ್ಟು ಬಂದಿದೆ ಎಂದು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಸಾರಾಂಶ ಬಂತಲ್ಲ ಎಂಬುದೇ ದೊಡ್ಡ ಸಂತೋಷವಾಗಿತ್ತು.

ನಮ್ಮ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಮೇಡಂ ಇದ್ದಾರೆ. ಅವರನ್ನು ಎಲ್ಲರೂ ಬೆನ್ನ ಹಿಂದೆ ಮೊಹರು ಮೇಡಂ ಎನ್ನುತ್ತಾರೆ. ಅವರ ಬಲಗೈಯಲ್ಲಿ ಸದಾ "ಪರಿಶೀಲಿಸಲಾಗಿದೆ" ಎಂಬ ಮೊಹರು. ಎಡಗೈಗೆ ಕಾಗದ ತಾಗಿದ ಕೂಡಲೇ ಬಲಗೈ ತಾನಾಗಿ ಕೆಳಗಿಳಿಯುತ್ತದೆ. ಒಮ್ಮೆ ಯಾರೋ ಮೇಜಿನ ಮೇಲಿಟ್ಟ ಬಸ್ ಟಿಕೆಟನ್ನೂ ಪರಿಶೀಲಿಸಿಬಿಟ್ಟಿದ್ದರು. ಶುಕ್ರವಾರ ನನ್ನ ಸಾರಾಂಶದ ಮೇಲೂ ಧಡ್ ಎಂದು ಮೊಹರು ಬಿತ್ತು. ಭಾವನ ಮುಖ ನೆನೆಸಿಕೊಂಡು ಶಿಳ್ಳೆ ಹಾಕುತ್ತಾ ಮನೆಗೆ ಬಂದೆ.

ಸೋಮವಾರ ಕಂಪನಿಯ ಫಲಕದಲ್ಲಿ ವಾರ್ಷಿಕ ಕ್ರೀಡಾದಿನದ ಪಟ್ಟಿ ಅಂಟಿಸಿದ್ದರು. ವಿವಾಹಿತರಿಗೂ ಅವಿವಾಹಿತರಿಗೂ ಹಗ್ಗಜಗ್ಗಾಟ. ಅವಿವಾಹಿತರ ತಂಡದಲ್ಲಿ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರ ನಡುವೆ, ನನ್ನ ಹೆಸರಿತ್ತು. ಈ ನಲವತ್ತಾರರಲ್ಲೂ ನನ್ನ ಮೈಕಟ್ಟು ಯಾರದೋ ಕಣ್ಣಿಗೆ ಬಿದ್ದಿದೆ ಎಂದುಕೊಂಡು ಹೊಟ್ಟೆಯನ್ನು ಒಳಗೆಳೆದುಕೊಂಡು ನಡೆದೆ. ಬುದ್ಧಿ ಇದ್ದವನಿಗೆ ಅಷ್ಟು ಸೂಚನೆ ಸಾಕಿತ್ತು. ನನಗೆ ಸಾಲಲಿಲ್ಲ.

ಮಂಗಳವಾರ ಸಂಜೆ ಮನೆಗೆ ಬಂದಾಗ ಹೆಂಡತಿ ಕತ್ತರಿಸುವ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಎಡಗೆನ್ನೆ ಬನ್ನಿನಂತೆ ಊದಿತ್ತು. ಕೈಯಲ್ಲಿ ದೊಡ್ಡ ಕತ್ತರಿ. ಹಲ್ಲುನೋವಿನಿಂದ ಮಾತನ್ನು ಅಳೆದು ಆಡುತ್ತಿದ್ದಳು.

"ರೀ, ನಿಮಗೆ ಮದುವೆ ಆಗಿದೆಯಾ?"

ಇದು ಗಂಡ ತಟ್ಟನೆ ಉತ್ತರ ಕೊಡಬೇಕಾದ ಪ್ರಶ್ನೆ. ನಾನು ಎರಡು ಕ್ಷಣ ಯೋಚಿಸಿದೆ. ಆ ಎರಡು ಕ್ಷಣದಲ್ಲಿ ಎಲ್ಲ ಹಾಳಾಯಿತು.

ಆದದ್ದಿಷ್ಟು. ಸಮವಸ್ತ್ರದ ಆರ್ಡರುಗಳನ್ನೆಲ್ಲ ಮುಗಿಸಿ, ಮೂರು ತಿಂಗಳಿಂದ ಮುಂದೂಡಿದ್ದ ಹಲ್ಲಿನ ಚಿಕಿತ್ಸೆಗೆ ಅವಳು ಹೋಗಿದ್ದಳು. ಖರ್ಚೆಲ್ಲ ನನ್ನ ಕಂಪನಿಯ ವಿಮೆಯಿಂದ ಆಗಬೇಕಿತ್ತು. ದಂತವೈದ್ಯರ ಸ್ವಾಗತ ಮೇಜಿನಲ್ಲಿ ಕೂತ ಹುಡುಗಿ ಕಂಪ್ಯೂಟರ್ ನೋಡಿ, ತುಂಬಿದ ಕೋಣೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಇವರು ಅವಿವಾಹಿತರು ಅಂತ ತೋರಿಸ್ತಿದೆ ಮೇಡಂ. ನೀವು ಅವರಿಗೆ ಏನಾಗಬೇಕು?" ಎಂದಳಂತೆ. ಮೊಹರು ಬಿದ್ದ ಕಾಗದ ಲೆಕ್ಕಪತ್ರದಿಂದ ಸಿಬ್ಬಂದಿ ವಿಭಾಗಕ್ಕೆ, ಅಲ್ಲಿಂದ ಕ್ರೀಡಾ ಸಮಿತಿಗೆ, ಅಲ್ಲಿಂದ ವಿಮೆಯವರಿಗೆ ನಡೆದುಕೊಂಡು ಹೋಗಿತ್ತು. ನನ್ನ ಯಾವ ಕಡತವೂ ಅಷ್ಟು ಚುರುಕಾಗಿ ಓಡಾಡಿದ್ದಿಲ್ಲ!

"ಏನಾಗಬೇಕು ಅಂತ ಕೇಳಿದ್ಲು" ಎಂದಳು ಹೆಂಡತಿ. "ನನಗೆ ಗೊತ್ತಿಲ್ಲ, ಅವರನ್ನೇ ಕೇಳಿ ಹೇಳ್ತೀನಿ ಅಂತ ಎದ್ದು ಬಂದೆ."

ನನ್ನ ತಮಾಷೆಯೆಲ್ಲ ಅಲ್ಲಿಗೆ ಇಳಿದುಹೋಯಿತು. ಆ ಊದಿದ ಕೆನ್ನೆ ನೋಡಿ ನಿಜವಾಗಿಯೂ ನಾಚಿಕೆಯಾಯಿತು. ಮೂರು ತಿಂಗಳು ಒಂದೇ ಕಡೆ ಅಗಿದು, ಪರರ ಮಕ್ಕಳ ಬಟ್ಟೆ ಹೊಲಿದು ಮುಗಿಸಿದವಳನ್ನು ನಾನು ಬಾಗಿಲಿನಿಂದ ವಾಪಸು ಕಳಿಸಿದ್ದೆ, ಅದೂ ಒಂದು ಬಾಚಣಿಗೆಯ ಹಟಕ್ಕೆ. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಅವಳು ಪೂರ್ತಿ ಕೇಳಿದಳು. ಕತ್ತರಿಯನ್ನು ಕೆಳಗಿಟ್ಟಳು. ನನಗೆ ಸ್ವಲ್ಪ ಧೈರ್ಯ ಬಂತು.

ಈಗಲೇ ಸರಿಪಡಿಸುತ್ತೇನೆಂದು ಕಂಪ್ಯೂಟರ್ ಮುಂದೆ ಓಡಿದೆ. "ಬದಲಾಯಿಸು" ಎಂಬುದನ್ನು ಒತ್ತಿದೆ. ಆ ಪುಟವೂ ಸಿದ್ಧವಾಗುತ್ತಿತ್ತು! ಅವಿವಾಹಿತನಾಗುವುದಕ್ಕೆ ಅಲ್ಲಿ ಪುಟವಿತ್ತು, ಮತ್ತೆ ಮದುವೆಯಾಗುವುದಕ್ಕೆ ಇರಲಿಲ್ಲ. ಸಿಬ್ಬಂದಿ ವಿಭಾಗದವರಿಗೆ ಫೋನ್ ಮಾಡಿದೆ. ಮುಂದಿನ ವರ್ಷದ ವಿಮೆಯ ಪಟ್ಟಿ ನಾಳೆ ಮಧ್ಯಾಹ್ನ ಹೊರಡುತ್ತದೆ, ಅಷ್ಟರೊಳಗೆ ತಿದ್ದಿದ ಸಾರಾಂಶವೂ ಹೆಂಡತಿಯ ಸಹಿ ಇರುವ ನಮೂನೆಯೂ ಬರಬೇಕು, ತಪ್ಪಿದರೆ ಇಡೀ ವರ್ಷ ಅವಳಿಗೆ ವಿಮೆ ಇಲ್ಲ ಎಂದರು.

"ಅಣ್ಣನಿಗೆ ಫೋನ್ ಮಾಡಿ" ಎಂದಳು ಹೆಂಡತಿ. ಮೂರೇ ಪದ.

ಮಾಡಿದೆ. ಭಾವ ಅರ್ಧ ಗಂಟೆಯಲ್ಲಿ ಬಂದರು. ತಂಗಿಯ ಕೆನ್ನೆ ನೋಡಿದರು, ನನ್ನನ್ನು ನೋಡಿದರು. "ಮದುವೆ ಆಗಿದ್ದು ಹೌದು ತಾನೆ? ನಾನೂ ಬಂದಿದ್ದ ನೆನಪು" ಎಂದರು. ಆಮೇಲೆ ರಸೀದಿ ಚೀಲ ಸುರಿದರು. ಬಾಚಣಿಗೆ ಈ ವರ್ಷವೂ ತಪ್ಪದೆ ಹಾಜರಾಗಿತ್ತು. ಅದನ್ನೆತ್ತಿ ನನ್ನ ಕೈಗೆ ಕೊಟ್ಟರು. ಸಮವಸ್ತ್ರದ ಆರ್ಡರ್ ಚೀಟಿಯೊಂದರ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಗೀಚುತ್ತಾ ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಸಿ, ಸಾರಾಂಶವನ್ನು ಕೈಯಲ್ಲೇ ಬರೆದುಕೊಟ್ಟರು. ನನ್ನ ಸಾಫ್ಟ್‌ವೇರ್ ಅದರ ಎರಡರಷ್ಟು ತೆರಿಗೆ ಹಾಕಿತ್ತು. ಉಪದೇಶಕ್ಕಾಗಿ ತಲೆ ತಗ್ಗಿಸಿ ಕೂತೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಉಪದೇಶಕ್ಕೂ ಯೋಗ್ಯನಲ್ಲದವನಾದೆನಲ್ಲ ಎಂದು ಆಗ ನಿಜವಾಗಿ ಸಂಕಟವಾಯಿತು.

ಇನ್ನು ಉಳಿದದ್ದು ಹೆಂಡತಿಯ ನಮೂನೆ. ಅವಳು ಅದನ್ನು ಮೇಜಿನ ಮೇಲಿಟ್ಟುಕೊಂಡು, ಬಟ್ಟೆಗೆ ಗುರುತು ಹಾಕುವಷ್ಟೇ ಜಾಗ್ರತೆಯಿಂದ ತುಂಬಿದಳು. ಸಹಿ ಹಾಕಿದಳು. ಸಹಿ ಹಾಕಿದ ಮೇಲೂ ಏನೋ ಬರೆದಳು. ನಾನು ಇಣುಕುವಷ್ಟರಲ್ಲಿ ಕಾಗದವನ್ನು ಮಡಚಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಚುಚ್ಚಿಬಿಟ್ಟಳು. "ಬಿಚ್ಚಬೇಡಿ. ಹಾಗೇ ಕೊಡಿ" ಎಂದಳು. ಅವಳ ಮಾತು ಮೀರುವ ಧೈರ್ಯ ಆ ಸ್ಥಿತಿಯಲ್ಲಿ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಲೆಕ್ಕಪತ್ರ ವಿಭಾಗದ ಮುಂದೆ ನಿಂತಿದ್ದೆ. ಮೊಹರು ಮೇಡಂ ಭಾವನ ಸಾರಾಂಶ ತೆಗೆದುಕೊಂಡರು, ಧಡ್! ನಮೂನೆ ತೆಗೆದುಕೊಂಡರು. ಬಲಗೈ ಮೇಲೇರಿತು. ಅಷ್ಟರಲ್ಲಿ ಎಡಗೈ ಬೆರಳಿಗೆ ಗುಂಡುಸೂಜಿ ಚುಚ್ಚಿತು. ಮೊಹರು ಗಾಳಿಯಲ್ಲೇ ನಿಂತಿತು. ಅವರು ಬೆರಳನ್ನು ಬಾಯಲ್ಲಿಟ್ಟುಕೊಂಡು, ಸೂಜಿ ತೆಗೆದು, ಕಾಗದ ಬಿಚ್ಚಿ, ನಾನು ಕಂಡಂತೆ ಮೊದಲ ಬಾರಿಗೆ, ಒಂದು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಯ ಸಾಲಿಗೆ ಬಂದಾಗ ಮತ್ತೊಮ್ಮೆ ಓದಿದರು. ನಾನು ಕತ್ತು ಉದ್ದ ಮಾಡಿ ನೋಡಿದೆ.

ಸಂಬಂಧ ಎಂಬಲ್ಲಿ "ಹೆಂಡತಿ" ಎಂದು ಸ್ಪಷ್ಟವಾಗಿತ್ತು. ಅದರ ಕೆಳಗೆ, ಷರಾ ಎಂಬ ಖಾಲಿ ಜಾಗದಲ್ಲಿ, ಅವಳ ಗುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು:

"ಇವರು ನನ್ನ ಗಂಡ. ಇನ್ನೂ ಸಿದ್ಧವಾಗುತ್ತಿದ್ದಾರೆ."

ಮೇಡಂ ಕನ್ನಡಕ ಮೂಗಿನ ತುದಿಗೆ ಸರಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ಸಾವಕಾಶವಾಗಿ ನೋಡಿದರು. ಗಡಿಬಿಡಿಯಲ್ಲಿ ನಾನು ಅಂಗಿಯ ಗುಂಡಿಗಳನ್ನು ಒಂದರ ಬದಲು ಇನ್ನೊಂದು ತೂತಿಗೆ ಹಾಕಿಕೊಂಡಿದ್ದೆ. ಜೇಬಿನಿಂದ ಬಾಚಣಿಗೆ ಇಣುಕುತ್ತಿತ್ತು. ಅವರು ಮೊಹರನ್ನು ಶಾಯಿಗೆ ಎರಡು ಸಲ ಒತ್ತಿ, ಸರಿಯಾಗಿ ಆ ಸಾಲಿನ ಪಕ್ಕದಲ್ಲೇ ಊರಿದರು:

"ಪರಿಶೀಲಿಸಲಾಗಿದೆ."