ತಂಗಿಯ ಕೆನ್ನೆಗೆ ನಾನು ಹೊಡೆದ ಪಾಲಿಶ್

ದಾಂಡೇಲಿಯ ಅಂಬೇವಾಡಿಯ ಗ್ಯಾರೇಜೊಂದರಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವುದು ನನ್ನ ಕೆಲಸ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಈ ವಿದ್ಯೆಯಲ್ಲಿ ಹದಿನಾರು ವರ್ಷ ಸವೆಸಿದ್ದೇನೆ. ಕಾಡಿನ ಕೊಂಬೆ ಗೀರಿದ ಕಾರು ಬರಲಿ, ಗೋಡೆಗೆ ಮುತ್ತಿಟ್ಟ ಜೀಪು ಬರಲಿ, ನಾಲ್ಕು ದಿನ ಬಿಟ್ಟು ನೋಡಿದರೆ ಗೀರು ಎಲ್ಲಿತ್ತೆಂದು ಮಾಲೀಕನೇ ಹುಡುಕಬೇಕು. ಇಂಥವನಿಗೆ ತಂಗಿಯ ಕೆನ್ನೆಯ ಮೇಲಿನ ನಾಲ್ಕು ಮೊಡವೆ ಕಲೆ ಯಾವ ಲೆಕ್ಕ?

ಹೀಗೆಂದುಕೊಂಡೇ ನಾನು ಕೆಟ್ಟೆ.

ಮೊದಲು ತಪ್ಪೊಪ್ಪಿಗೆ. ತಂಗಿ ಸುನಂದಾ ಒಂದು ಮಧ್ಯಾಹ್ನ ಗ್ಯಾರೇಜಿಗೆ ನನ್ನ ಬುತ್ತಿ ತಂದಳು. ಗಿರಾಕಿಗಳು ನಿಂತಿದ್ದರು. ನನಗೆ ಜೋಕು ಮಾಡುವ ಹುಕಿ ಬಂತು.

"ನಿನ್ನ ಗಲ್ಲಾ ನೋಡಿದ್ರ ಮಳಿಗಾಲದ ಅಣಶಿ ಘಾಟ ನೆನಪಾಗತೈತಿ ನೋಡವಾ. ಬರೇ ತಗ್ಗು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜಾಸ್ತಿ ನಾನೇ ನಕ್ಕೆ. ಸುನಂದಾ ಬುತ್ತಿ ಇಟ್ಟು ಹೋದಳು. ಮರುದಿನದಿಂದ ಬುತ್ತಿಯೂ ಇಲ್ಲ, ಮಾತೂ ಇಲ್ಲ. ಮನೆಯೊಳಗೂ ಓಢಣಿಯಿಂದ ಕೆನ್ನೆ ಮುಚ್ಚಿಕೊಂಡು ಓಡಾಡತೊಡಗಿದಳು.

ಅದೇ ವಾರ ಅವಳಿಗೆ ಜೊಯಿಡಾ ರಸ್ತೆಯ ರೆಸಾರ್ಟೊಂದರಿಂದ ಸಂದರ್ಶನದ ಕರೆ ಬಂತು. ರಿಸೆಪ್ಷನ್ ಕೆಲಸ. ಎರಡು ವರ್ಷದಿಂದ ಅವಳು ಕಾಯುತ್ತಿದ್ದ ಕೆಲಸ. ಸಂದರ್ಶನಕ್ಕೆ ಇನ್ನೂ ಒಂದು ತಿಂಗಳಿತ್ತು.

"ನಾ ಹೋಗಂಗಿಲ್ಲ ವೈನಿ. ಬಂದವರೆಲ್ಲಾ ಮೊದಲ ನೋಡೂದು ನನ್ನ ಮಾರಿನ" ಎಂದು ಅವಳು ನನ್ನ ಹೆಂಡತಿ ರೇಣುಕಾಗೆ ಹೇಳಿದಳು.

ರೇಣುಕಾ ನನ್ನ ಕಡೆ ತಿರುಗಿದಳು. "ಕೇಳಿದ್ರೀ? ಇನ್ನೊಮ್ಮೆ ನಗ್ರಿ ಈಗ."

ನಗು ಬರಲಿಲ್ಲ. ಆ ಕ್ಷಣವೇ ತಂಗಿಯ ಕೆನ್ನೆಯ ಜೀರ್ಣೋದ್ಧಾರಕ್ಕೆ ಸಂಕಲ್ಪ ಮಾಡಿದೆ.

ಮಬ್ಬಾದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ನಮ್ಮ ಗ್ಯಾರೇಜಿನಲ್ಲಿ ಇದನ್ನು ದಿನಾ ಮಾಡುತ್ತೇವೆ. ಪೇಸ್ಟಿಗೆ ಅರ್ಧ ನಿಂಬೆಹಣ್ಣು ಹಿಂಡಿದೆ. ಅದು ನನ್ನ ಸ್ವಂತ ಸಂಶೋಧನೆ. ಸುನಂದಾ ಹಿಂದೆ ಸರಿದಳು.

"ಬ್ಯಾಡಣ್ಣಾ, ಇದು ಹಲ್ಲಿಗೆ ಹಚ್ಚೂದು."

"ಹಲ್ಲಿಗೆ ಏನೂ ಆಗಂಗಿಲ್ಲ, ಗಲ್ಲಕ್ಕೇನ ಆಗತೈತಿ? ಕೂಡು ಸುಮ್ನ."

"ಅಣ್ಣಾ, ಉರಿಯಾಕತ್ತೈತಿ!"

"ಉರೀಲಿ ಬಿಡವಾ. ಕೆಲಸ ಮಾಡಾಕತ್ತೈತಿ ಅಂತ ಅರ್ಥ."

ಅರ್ಧ ಗಂಟೆ ಕೆಲಸ ಮಾಡಿಸಿದೆ. ತೊಳೆಸಿದ ಮೇಲಾದರೂ ನೆರಳಲ್ಲಿ ಕೂರಿಸಬೇಕಿತ್ತು. ಯಾವುದೋ ದಾಖಲೆ ತರಬೇಕೆಂದು ಸುಡುಬಿಸಿಲಿನಲ್ಲಿ ಬೈಕಿನ ಮೇಲೆ ಹಳಿಯಾಳಕ್ಕೆ ಕರೆದೊಯ್ದೆ! ಸಂಜೆ ಮನೆಗೆ ಬಂದಾಗ ರೇಣುಕಾ ಬಾಗಿಲಲ್ಲೇ ನಿಂತು ನೋಡಿದಳು.

"ಏನ್ರೀ, ಹೆಡ್‌ಲೈಟ್ ಮಾಡ್ತೇನಿ ಅಂದ್ರಿ. ಇದು ಬ್ರೇಕ್ ಲೈಟ್ ಆಗೈತಲ್ರೀ!"

ಇಷ್ಟಕ್ಕೆ ಕೈಬಿಟ್ಟಿದ್ದರೆ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಬಿಡಲಿಲ್ಲ. ಮೆಡಿಕಲ್ ಅಂಗಡಿಗೆ ಹೋಗಿ, ಕಲೆ ಹೋಗಲು ಏನಾದರೂ ಕೊಡಿ ಎಂದೆ. ಡಾಕ್ಟರ ಚೀಟಿ ಅವನೂ ಕೇಳಲಿಲ್ಲ, ನಾನೂ ಅದರ ಸುದ್ದಿ ಎತ್ತಲಿಲ್ಲ. "ಎಲ್ಲಾರೂ ಇದನ್ನ ಒಯ್ತಾರ, ತಗೋರಿ" ಎಂದು ಒಂದು ಟ್ಯೂಬು ಕೊಟ್ಟ.

ಮೂರೇ ದಿನ! ಕೆಂಪು ಹೋಯಿತು, ಕೆನ್ನೆ ಬೆಳ್ಳಗಾಯಿತು, ನುಣ್ಣಗಾಯಿತು. ಸುನಂದಾ ನನ್ನ ಜೊತೆ ನಗುನಗುತ್ತ ಮಾತಾಡಿದಳು. ಬುತ್ತಿಯನ್ನೂ ತಂದಳು. ನಾನು ಓಣಿಯಲ್ಲಿ ಎದೆ ಉಬ್ಬಿಸಿ ತಿರುಗಿದೆ. ಮೊಡವೆ ಇದ್ದವರನ್ನು ತಡೆದು ನಿಲ್ಲಿಸಿ ಪುಕ್ಕಟೆ ಸಲಹೆ ಕೊಟ್ಟೆ.

ಮೂರನೆಯ ವಾರ ಟ್ಯೂಬು ಮುಗಿಯಿತು. ಕಲೆ ಹೋದವಲ್ಲ, ಇನ್ನೇಕೆ ಎಂದು ನಿಲ್ಲಿಸಿದೆವು. ನಾಲ್ಕನೆಯ ದಿನ ಮೊಡವೆಗಳು ಮೆರವಣಿಗೆ ಹೊರಟವು. ಕೆನ್ನೆ, ಹಣೆ, ಗದ್ದ, ಹಿಂದೆಂದೂ ಕಾಲಿಡದ ಜಾಗಗಳಲ್ಲೆಲ್ಲ! ಮುಖ ಮುಟ್ಟಿದರೆ ಬಿಸಿ. ಹಳೆಯ ಕಲೆಗಳು ಮೊದಲಿಗಿಂತ ಕಪ್ಪಾಗಿ ಎದ್ದು ಕಂಡವು. ಸಂದರ್ಶನಕ್ಕೆ ಐದು ದಿನ ಉಳಿದಿತ್ತು.

ಸುನಂದಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತಿರುಗದೆಯೇ ಹೇಳಿದಳು:

"ನನ್ನ ಹಳೇ ಮಾರಿನಾದ್ರೂ ವಾಪಸ್ ಕೊಡಣ್ಣಾ."

ಗ್ಯಾರೇಜಿನಲ್ಲಿ ಗಿರಾಕಿ ಹೀಗೆ ಹೇಳಿದ್ದರೆ ಅರ್ಧ ಗಂಟೆ ಜಗಳಾಡುತ್ತಿದ್ದೆ. ಅಂದು ಖಾಲಿ ಟ್ಯೂಬನ್ನು ಹುಡುಕಿ ಜೇಬಿಗೆ ಹಾಕಿಕೊಂಡೆ.

ಮರುದಿನ ಹುಬ್ಬಳ್ಳಿಗೆ, ಚರ್ಮದ ಡಾಕ್ಟರ ಬಳಿ ಹೋದೆವು. ಆ ಡಾಕ್ಟರಮ್ಮ ಖಾಲಿ ಟ್ಯೂಬನ್ನು ತಿರುಗಿಸಿ ನೋಡಿದರು.

"ಇದನ್ನ ಯಾರು ಬರಕೊಟ್ರು?"

"ನಾನ ರೀ."

"ನೀವೇನ್ ಡಾಕ್ಟರೇನು?"

"ಪೇಂಟರ್ ರೀ. ಗಾಡಿದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರೈಮರ್ ಹಸೀ ಇದ್ದಾಗ ಮ್ಯಾಲ ಬಣ್ಣಾ ಹೊಡೀತೀರೇನು?"

"ಯಾವ ಮೂರ್ಖ ಹೊಡೀತಾನ್ರೀ ಮೇಡಂ!"

ನನ್ನ ಉತ್ತರ ನನಗೇ ತಗುಲಿತು.

ಆಮೇಲೆ ಅವರು ಬಿಡಿಸಿ ಹೇಳಿದರು. ಚಪ್ಪಟೆಯಾಗಿರುವ ಕಪ್ಪು ಕಲೆ ಬರೀ ಬಣ್ಣ. ಮೊಡವೆ ಹಿಚುಕದೆ, ಬಿಸಿಲಿಗೆ ಕ್ರೀಮು ಹಚ್ಚಿಕೊಂಡು, ಕೊಟ್ಟ ಔಷಧಿ ತಪ್ಪದೆ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ತಾನೇ ತಿಳಿಯಾಗುತ್ತದೆ. ತಗ್ಗಿನ ಮಾತು ಬೇರೆ. ಅಲ್ಲಿ ಒಳಗಿನ ಚರ್ಮವೇ ಕುಸಿದಿರುತ್ತದೆ. ಮೇಲೆ ಏನು ಸವರಿದರೂ ತುಂಬುವುದಿಲ್ಲ. ಮೊಡವೆ ಪೂರ್ತಿ ತಣ್ಣಗಾದ ಮೇಲೆ ಅದಕ್ಕೆ ಬೇರೆ ಚಿಕಿತ್ಸೆ. ನಾನು ತಂದ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇತ್ತಂತೆ. ನಾಲ್ಕು ದಿನ ಚಂದ ಕಾಣಿಸಿ, ಬಿಟ್ಟೊಡನೆ ಸೇಡು ತೀರಿಸಿಕೊಳ್ಳುವ ಔಷಧಿ.

ಬಣ್ಣ ಕೆಟ್ಟದ್ದು ಯಾವುದು, ತಗಡು ತಗ್ಗಿದ್ದು ಯಾವುದು ಎಂದು ನೋಡುವುದು ನನ್ನ ಕಸುಬಿನ ಮೊದಲ ಪಾಠ. ಯಾರದೋ ಜೀಪನ್ನಾದರೆ ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡುತ್ತೇನೆ. ಒಡಹುಟ್ಟಿದವಳ ಮುಖವನ್ನು ನೋಡಲೇ ಇಲ್ಲ.

ವಾಪಸು ಬರುವ ಬಸ್ಸಿನಲ್ಲಿ ಮೆಲ್ಲಗೆ ಅಂದೆ, "ಸುನಂದಾ, ಅವತ್ತ ಗ್ಯಾರೇಜಿನ್ಯಾಗ ಹಂಗ ಅನಬಾರದಿತ್ತವಾ. ತಪ್ಪಾತು."

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. "ಅನ್ನೂವಾಗ ಊರ ಮಂದಿ ಮುಂದ ಅಂದಿ. ತಪ್ಪಾತು ಅನ್ನೂದು ಮಾತ್ರ ಕಿವ್ಯಾಗೇನು?"

ಮಾತು ನ್ಯಾಯವಾಗಿತ್ತು. ಎದ್ದು ನಿಂತೆ. ಮೇಲಿನ ಸರಳು ಹಿಡಿದು ಕೂಗಿದೆ: "ನನ್ನ ತಂಗಿಗೆ ನಾ ಅನಬಾರದ್ದು ಅಂದೇನ್ರೀ! ಮಾಫ್ ಮಾಡಬೇಕು!"

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಧಾವಿಸಿ ಬಂದ. "ಯಾರ್ರೀ ಕೂಗಿದವ್ರು? ಇಳಿಯಾವ್ರೇನ್ರೀ?"

"ಇಲ್ರೀ, ಮಾಫಿ ಕೇಳಾಕತ್ತಿದ್ದೆ."

"ಅದನ್ನ ಮನ್ಯಾಗ ಕೇಳ್ರಿ ಮಾರಾಯ್ರ! ರೈಟ್, ಹೋಗೂಣು!"

ಇಡೀ ಬಸ್ಸು ನಕ್ಕಿತು. ಈ ಸಲ ಸುನಂದಾ ಕೂಡ ನಕ್ಕಳು. ನಗುವಾಗ ಓಢಣಿ ಜಾರಿತು. ಅವಳು ಎಳೆದುಕೊಳ್ಳಲಿಲ್ಲ.

ಸಂದರ್ಶನಕ್ಕೂ ಹಾಗೆಯೇ ಹೋದಳು, ಮೊಡವೆ, ಕಲೆ, ತಗ್ಗು ಎಲ್ಲವನ್ನೂ ಬಯಲಲ್ಲೇ ಇಟ್ಟುಕೊಂಡು. ಕೆಲಸ ಸಿಕ್ಕಿತು.

ಆ ಖುಷಿಯಲ್ಲಿ ನಾನು ಮತ್ತೆ ಕೇಳಿಬಿಟ್ಟೆ. "ನಿನ್ನ ಕಲೆ ಹೋಗಾಕ ಇನ್ನ ನಾ ಏನ್ ಮಾಡ್ಲಿ ಹೇಳವಾ?"

ಅತ್ತಿಗೆ ನಾದಿನಿ ಒಂದೇ ದನಿಯಲ್ಲಿ ಹೇಳಿದರು: "ಏನೂ ಮಾಡೂದು ಬ್ಯಾಡ!"

ಆರು ತಿಂಗಳಿಂದ ನಾನು ಏನೂ ಮಾಡುತ್ತಿಲ್ಲ. ಕಲೆಗಳು ದಿನೇ ದಿನೇ ತಿಳಿಯಾಗುತ್ತಿವೆ. ಹದಿನಾರು ವರ್ಷದಲ್ಲಿ ಇಷ್ಟು ನಾಜೂಕಾದ ಕೆಲಸ ನನ್ನ ಕೈಯಿಂದ ಆದದ್ದು ಇದೇ ಮೊದಲು!