ಟಾಂಗಾ ಕುದುರೆಯ ಕೆಮ್ಮು

ಎಪ್ಪತ್ತರ ದಶಕದ ಕೊನೆಗೆ ನಾನು ಹಳಿಯಾಳ ಕಡೆಯ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಅಲ್ಲಿ ಔಷಧದ ದಾಸ್ತಾನು ಆಗಾಗ ಮುಗಿಯುತ್ತಿತ್ತು, ತಮಾಷೆಯ ದಾಸ್ತಾನು ಮಾತ್ರ ಎಂದೂ ಮುಗಿಯಲಿಲ್ಲ.

ತೋಯಿಸಿದ್ದು

ಟಾಂಗಾ ಹೊಡೆಯುವ ಮುದುಕರೊಬ್ಬರು ಕೆಮ್ಮುವ ಕುದುರೆಯನ್ನು ತಂದರು. ಅವರು ಹಾಕುತ್ತಿದ್ದ ಹುಲ್ಲನ್ನು ಡಾಕ್ಟರ್ ಸಾಹೇಬರು ಕೊಡವಿದರು. ಬೂಸ್ಟಿನ ಧೂಳೆದ್ದು ನಮಗೂ ಕೆಮ್ಮು ಬಂತು.

"ಈ ಧೂಳಿಗೆ ಗಾಳಿಕೊಳವಿ ಬಾತೈತಿ ಮಾಮಾ. ಇನ್ನ ಮ್ಯಾಲೆ ಛಲೋತ್ನ್ಯಾಗ ತೋಯಿಸಿ ತಿನ್ನಸ್ರಿ."

ವಾರದ ಮೇಲೆ ಕುದುರೆ ಗಡಗಡ ನಡುಗುತ್ತ ಬಂತು.

"ನೀವು ಹೇಳಿಧಂಗ ದಿನಾ ನಾಕ ಕೊಡಾ ಸುರದು ತೋಯಸ್ತೇನ್ರಿ" ಎಂದರು ಮುದುಕರು.

"ಕುದುರಿಗೇನ್ರಿ? ಹುಲ್ಲಿಗಲ್ಲಾ?"

"ಅದಕ್ಕ ಒಂದ ಹನಿ ತಾಗಿಸಿಲ್ರಿ, ಕೊಳತೀತು ಅಂತ!"

ಬಸ್ಸಿನಲ್ಲಿ

ಹುಲ್ಲು ತೋಯಿಸತೊಡಗಿದ ಮೇಲೆ ಕೆಮ್ಮು ಅರ್ಧ ಇಳಿಯಿತು. ಅಷ್ಟಕ್ಕೇ ಬಿಟ್ಟರೆ ನಾವೆಂಥ ಸರ್ಕಾರಿ ಜನ? ಗಾಳಿಕೊಳವೆ ಬಾತಾಗ ಕಫದಲ್ಲಿ ಕೆಲವು ರಾಸಾಯನಿಕಗಳು ಏರುತ್ತವಂತೆ, ಅವನ್ನು ಅಳೆದರೆ ರೋಗದ ಜೋರು ಗೊತ್ತಾಗುತ್ತದಂತೆ. ಸಾಹೇಬರಿಗೆ ಪರಿಚಯದ ಧಾರವಾಡದ ಸಂಶೋಧಕರೊಬ್ಬರು ಹಾಗೆಂದು ಬರೆದಿದ್ದರು. ನಾಲ್ಕು ಜನ ಕುದುರೆ ಹಿಡಿದು, ಮೂಗಿನಿಂದ ನಳಿಕೆ ಇಳಿಸಿ, ಕಫ ತೆಗೆದೆವು. ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ನಾನು ಧಾರವಾಡದ ಬಸ್ಸು ಹತ್ತಿದೆ.

"ಏನೈತ್ರಿ ಅದರಾಗ?" ಎಂದ ಕಂಡಕ್ಟರ್.

"ಕುದುರಿ ಕಫ."

ಪಕ್ಕದವರಿಬ್ಬರು ಎದ್ದೇ ಹೋದರು. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸರ್ಕಾರಿ ನೌಕರಿ ಏನ್ರಿ?"

"ಹೌದ್ರಿ."

"ಹಂಗಾರ ಇದ್ದೀತು ಬಿಡ್ರಿ."

ಎರಡು ಪತ್ರ

ಆ ಫ್ಲಾಸ್ಕಿನಲ್ಲಿ ಇನ್ನೊಂದು ಶೀಸೆಯೂ ಇತ್ತು. ದಿನಕ್ಕೆರಡು ಪಾಕೀಟು ಸಿಗರೇಟು ಸೇದುವ ನಮ್ಮ ಸಾಹೇಬರಿಗೂ ಕೆಮ್ಮು. ಕ್ಷಯವೋ ಏನೋ ಎಂಬ ಹೆದರಿಕೆಗೆ ತಮ್ಮ ಕಫವನ್ನೂ ಅಲ್ಲಿನ ಮನುಷ್ಯರ ದವಾಖಾನೆಗೆ ಕಳಿಸಿದ್ದರು. ಎರಡಕ್ಕೂ ಚೀಟಿ ಅಂಟಿಸಿದ ಜಾಣ ನಾನೇ.

ಉತ್ತರಗಳು ಒಂದೇ ಟಪಾಲಿನಲ್ಲಿ ಬಂದವು, ಮುದುಕರು ಕುದುರೆ ಹಿಡಿದುಕೊಂಡು ಬಂದಿದ್ದ ದಿನವೇ. ಸಾಹೇಬರು ಮೊದಲು ಕುದುರೆಯ ಪತ್ರ ಓದಿದರು: "ಉರಿಯೂತದ ರಾಸಾಯನಿಕಗಳು ಮಿತಿ ಮೀರಿವೆ. ಪ್ರಾಣಿಯನ್ನು ಗಾಡಿಗೆ ಕಟ್ಟಕೂಡದು, ದೂರ ನಡೆಸಲೂ ಕೂಡದು. ಕಫದಲ್ಲಿ ಹೊಗೆಯ ಕಪ್ಪು ಬಹಳ ಇದೆ. ಒಲೆಯ ಹತ್ತಿರ ಕಟ್ಟುತ್ತಾರೆಯೇ?"

ಮುದುಕರು ಕುದುರೆಯ ಕೊರಳಿಗೆ ಹಣೆ ಹಚ್ಚಿ ನಿಂತುಬಿಟ್ಟರು. "ನಮ್ಮ ಮನಿ ಒಲಿ ಉರಿಯೂದ ಇವನ ದುಡಿಮಿ ಮ್ಯಾಲ್ರಿ. ಎಲ್ಲಿ ಬಿಡ್ಲಿ ಇವನ್ನ?"

ಸಾಹೇಬರು ತಮ್ಮ ಪತ್ರ ಒಡೆದು, ಅದನ್ನೂ ಜೋರಾಗಿ ಓದಿದರು: "ರೋಗಿಗೆ ಕ್ಷಯ ಇಲ್ಲ. ಆದರೆ ಕಫದಲ್ಲಿ ಹುಲ್ಲಿನ ಎಳೆಗಳು ಸಿಕ್ಕಿವೆ. ರೋಗಿಯ ಊಟವೇನು, ದಯವಿಟ್ಟು ತಿಳಿಸಿ."

ಸಾಹೇಬರು ನನ್ನನ್ನು ನೋಡಿದರು. ನಾನು ಮಾಡಿನ ಹಂಚು ಎಣಿಸತೊಡಗಿದೆ.

ಮುದುಕರಿಗೂ ತಿಳಿಯಿತು. ಕಣ್ಣೊರೆಸಿಕೊಂಡು ಕುದುರೆಯನ್ನು ಹೊರಗೆ ಒಯ್ದು ಗಾಡಿಗೆ ಕಟ್ಟಿ, ಟಾಂಗಾವನ್ನು ಬಾಗಿಲಿಗೇ ತಂದು ನಿಲ್ಲಿಸಿದರು.

"ಹತ್ರಿ ಸಾಹೇಬ್ರ, ಮನೀತನಕಾ ಬಿಡ್ತೇನಿ. ನಿಮ್ಮನ್ನ ದೂರ ನಡಸಬಾರದಂತ ಬರದಾರ!"